ಡಿಸ್ಕ್ ತುಂಬಿದ್ದರಿಂದ ಹುಟ್ಟಿದ ವಿಳಾಸ

ಇಟ್ಟಮಡುವಿನ ಬಾಡಿಗೆ ಕೋಣೆಯಲ್ಲಿ ಕೂತ ವಿದ್ಯಾರ್ಥಿ ತನ್ನ ಡೆಬಿಯನ್ ಲಿನಕ್ಸ್‌ಗೆ ಕನ್ನಡದ ‘ಗುಬ್ಬಿ’ ಫಾಂಟ್ ಹಾಕಿಕೊಂಡರೆ ಅದು ಹೋಗಿ ಸೇರುವುದು ‘/ಯುಎಸ್‌ಆರ್/ಶೇರ್/ಫಾಂಟ್ಸ್’ ಡೈರೆಕ್ಟರಿಗೆ. ಈ ‘ಯುಎಸ್‌ಆರ್’ ಅಲ್ಲಿಗೆ ಬಂದದ್ದು ಯೋಜನೆಯಿಂದಲ್ಲ, ಜಾಗದ ಅಭಾವದಿಂದ.

1971ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸನ್ನು ಪಿಡಿಪಿ-11 ಯಂತ್ರಕ್ಕೆ ತಂದರು. ಆಗಿನ ಡಿಸ್ಕುಗಳು ತೀರಾ ಚಿಕ್ಕವು. ಮೊದಲ ಡಿಸ್ಕ್ ತುಂಬಿತು. ಉಳಿದ ಪ್ರೋಗ್ರಾಂಗಳು ಬಳಕೆದಾರರ ಕಡತಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ ‘/ಯುಎಸ್‌ಆರ್’ಗೆ ಹೋದವು. ಹಾಗಾಗಿ ಮೊದಲ ಡಿಸ್ಕಿನಲ್ಲಿ ಪ್ರೋಗ್ರಾಂಗಳಿದ್ದ ‘/ಬಿನ್’ ಜೊತೆಗೆ ‘/ಯುಎಸ್‌ಆರ್/ಬಿನ್’ ಹುಟ್ಟಿತು. ಎರಡನೇ ಡಿಸ್ಕನ್ನು ಜೋಡಿಸುವ ‘ಮೌಂಟ್’ ಆಜ್ಞೆ ಮಾತ್ರ ಮೊದಲನೆಯದರಲ್ಲೇ ಇರಬೇಕಿತ್ತು. ಬೀಗದ ಕೈಯನ್ನು ಬೀಗ ಹಾಕಿದ ಪೆಟ್ಟಿಗೆಯೊಳಗೇ ಇಟ್ಟರೆ ತೆಗೆಯುವುದು ಹೇಗೆ?

ಡಿಸ್ಕುಗಳು ದೊಡ್ಡವಾದವು, ಪದ್ಧತಿ ಉಳಿಯಿತು. ಸಂರಚನೆಯ ಕಡತಗಳು ‘/ಇಟಿಸಿ’ಯಲ್ಲಿ, ದಿನೇ ದಿನೇ ಬೆಳೆಯುವ ಲಾಗ್‌ಗಳು ‘/ವಾರ್’ನಲ್ಲಿ ಎಂಬ ವಿಂಗಡಣೆ ಬಲಿಯಿತು. ಲಿನಕ್ಸ್ ವಿತರಣೆಗಳು ಒಂದೊಂದು ದಾರಿ ಹಿಡಿದಾಗ 1994ರಲ್ಲಿ ಡೈರೆಕ್ಟರಿಗಳ ಜೋಡಣೆಗೆ ಒಂದು ಮಾನದಂಡವೇ ಬಂತು. ಅದರ ಮುಂದುವರಿದ ರೂಪವಾದ ಎಫ್‌ಎಚ್‌ಎಸ್‌ನ 3.0 ಆವೃತ್ತಿ 2015ರದು.

ಅಷ್ಟರಲ್ಲಾಗಲೇ ಒಡೆದ ಮನೆ ಒಂದಾಗತೊಡಗಿತ್ತು. 2012ರಲ್ಲಿ ಫೆಡೋರಾ 17 ಎರಡೂ ‘ಬಿನ್’ಗಳನ್ನು ಕೂಡಿಸಿತು, 2023ರ ಡೆಬಿಯನ್ 12 ಅದನ್ನು ಕಡ್ಡಾಯ ಮಾಡಿತು. ಸರಿಯಾದ ಕೆಲಸವೇ, ಸ್ವಲ್ಪ ತಡವಾಯಿತು ಅಷ್ಟೆ. ಹೊಸ ಲಿನಕ್ಸ್ ಇರುವವರು ಟರ್ಮಿನಲ್‌ನಲ್ಲಿ ಮೂಲ ಡೈರೆಕ್ಟರಿಯ ವಿವರಪಟ್ಟಿ ತೆರೆದು ನೋಡಿ: ‘ಬಿನ್’ ಎದುರಿನ ಬಾಣ ‘ಯುಎಸ್‌ಆರ್/ಬಿನ್’ ಕಡೆ ತೋರಿಸುತ್ತದೆ.