ಹೈಫಾ ಗೆದ್ದ ಮೈಸೂರು ಕುದುರೆಪಡೆ

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಪತ್ನಿಯ ಕೊಲೆಯಾಯಿತು. ಮೊದಲ ಮಹಾಯುದ್ಧಕ್ಕೆ ಅದು ನೆಪ ಮಾತ್ರ. ವಸಾಹತುಗಳ ಪೈಪೋಟಿ, ಜರ್ಮನಿ–ಬ್ರಿಟನ್ ನೌಕಾಪಡೆಗಳ ಮೇಲಾಟ, ಬಾಲ್ಕನ್ ಪ್ರದೇಶದ ವೈಷಮ್ಯ, ಒಬ್ಬರು ಇಳಿದರೆ ಇನ್ನೊಬ್ಬರೂ ಇಳಿಯಲೇಬೇಕಾದ ಮೈತ್ರಿಕೂಟಗಳು ಯುರೋಪನ್ನು ಮೊದಲೇ ಯುದ್ಧದ ಅಂಚಿಗೆ ತಂದಿದ್ದವು. ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದರೊಂದಿಗೆ ಭಾರತವೂ ಯುದ್ಧಕ್ಕಿಳಿಯಿತು. ಭಾರತೀಯರನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಈಜಿಪ್ಟಿಗೆ ಹಡಗು ಹತ್ತಿತು.

1918ರ ಸೆಪ್ಟೆಂಬರ್ 23. ಜರ್ಮನಿಯ ಪಕ್ಷದಲ್ಲಿದ್ದ ತುರ್ಕರ ವಶದ, ಪ್ಯಾಲೆಸ್ಟೈನಿನ ಹೈಫಾ ಬಂದರಿಗೆ ಹೋಗುವ ದಾರಿಯ ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕುದುರೆಗಳ ಕಾಲು ಹೂತುಹೋಗುವ ಕಿಶೋನ್ ನದಿ. ನಡುವಿನ ಇಕ್ಕಟ್ಟಿಗೆ ಮೆಷಿನ್ ಗನ್ನುಗಳ ಕಾವಲು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟವೇರಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ, ಜೊತೆಗಿದ್ದ ಜೋಧಪುರ ಸಂಸ್ಥಾನದ ಸವಾರರು ಗುಂಡಿನ ಮಳೆಯಲ್ಲೇ ಈಟಿ ಹಿಡಿದು ಊರಿಗೆ ನುಗ್ಗಿದರು. ಬೆನ್ನಿಗೇ ಮೈಸೂರಿನವರು ಬಂದರು. ಅಂದೇ ಹೈಫಾ ಕೈವಶವಾಯಿತು. ಮೆಷಿನ್ ಗನ್ನಿನೆದುರು ಕುದುರೆ ಮತ್ತು ಈಟಿಯ ಈ ಗೆಲುವು ಯುದ್ಧಚರಿತ್ರೆಯಲ್ಲಿ ಬಲು ಅಪರೂಪ.

ಯುದ್ಧ ಮುಗಿದಾಗ ಜರ್ಮನ್, ಆಸ್ಟ್ರಿಯನ್, ರಷ್ಯನ್ ದೊರೆತನಗಳು ಅಳಿದಿದ್ದವು. ತುರ್ಕರ ಸಾಮ್ರಾಜ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ವರ್ಸೇಲ್ಸ್ ಒಪ್ಪಂದದ ದಂಡ, ಅವಮಾನಗಳನ್ನು ಹಿಟ್ಲರ್ ಮುಂದೆ ಬಂಡವಾಳ ಮಾಡಿಕೊಂಡ. ಭಾರತದ ಸುಮಾರು 74,000 ಯೋಧರು ಮರಳಲಿಲ್ಲ. ಸ್ವರಾಜ್ಯದ ಆಸೆಯಿಟ್ಟಿದ್ದ ದೇಶಕ್ಕೆ 1919ರಲ್ಲಿ ಸಿಕ್ಕಿದ್ದು ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ. ಈ ಅನ್ಯಾಯವನ್ನು ಮರೆತು ಹೈಫಾದ ಶೌರ್ಯವನ್ನಷ್ಟೇ ಕೊಂಡಾಡುವುದು ಸರಿಯಲ್ಲ.

ಈ ಯೋಧರ ನೆನಪಿಗೆ ನಿಂತಿರುವ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನ ಪ್ರತಿನಿಧಿ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ದಯವಿಟ್ಟು ಒಮ್ಮೆ ನೋಡಿ ಬನ್ನಿ.