ಸಂಶೋಧನೆ ಕಲಿಸೋ ಲೈಬ್ರರಿ ವೆಬಿನಾರ್‌ಗಳು: ಯಾವುದು ಉಚಿತ, ಯಾವುದಕ್ಕೆ ಕಾಲೇಜು ಐಡಿ ಬೇಕು, ಎಲ್ಲಿ ದುಡ್ಡು ಕಟ್ಟಬಾರದು?

ಹಾಸನ: 'ಒಂದು ದಿನದ ರಾಷ್ಟ್ರೀಯ ವೆಬಿನಾರ್. ಭಾಗವಹಿಸಿದ ಎಲ್ಲರಿಗೂ ಇ-ಸರ್ಟಿಫಿಕೇಟ್. ಶುಲ್ಕ 200 ರೂ. ಮಾತ್ರ.' ಡಿಗ್ರಿ, ಎಂ.ಎ., ಪಿಎಚ್‌ಡಿ ಓದ್ತಿರೋ ಮಕ್ಕಳಿರುವ ಮನೆಗಳಿಗೆ ಇಂಥ ವಾಟ್ಸಾಪ್ ಮೆಸೇಜ್ ಹೊಸದಲ್ಲ. ಮಗಳು ಅಂಗಡಿಗೆ ಫೋನ್ ಮಾಡ್ತಾಳೆ, ಗಲ್ಲಾದಲ್ಲಿ ಕೂತ ಅಪ್ಪ ಅಲ್ಲಿಂದಲೇ ಫೋನ್‌ಪೇ ಮಾಡ್ತಾರೆ. ಏನು, ಎತ್ತ ಅಂತ ಇಬ್ಬರೂ ವಿಚಾರಿಸಲ್ಲ.

ಆ ವೆಬಿನಾರ್‌ನಲ್ಲಿ ಹೇಳಿಕೊಡೋದು ಹೆಚ್ಚಾಗಿ ನಾಲ್ಕೈದು ವಿಷಯ: ಬೇಕಾದ ಪುಸ್ತಕ, ಲೇಖನ ಹುಡುಕೋದು ಹೇಗೆ, ಪ್ರಬಂಧ ಬರೆಯೋದು ಹೇಗೆ, ಆಧಾರ ಕೊಡೋದು ಹೇಗೆ, ಕೃತಿಚೌರ್ಯ ಅಂದ್ರೆ ಏನು. ಇದೇ ಪಾಠಗಳನ್ನು ಸರ್ಕಾರದ ದುಡ್ಡಲ್ಲಿ, ದೊಡ್ಡ ದೊಡ್ಡ ಸಂಸ್ಥೆಗಳ ಪ್ರಾಧ್ಯಾಪಕರಿಂದ ರೆಕಾರ್ಡ್ ಮಾಡಿಸಿ ಉಚಿತವಾಗಿ ಇಟ್ಟಿದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಓದುಗರಿಗೆ ಅನುಕೂಲ ಆಗಲಿ ಅಂತ ಎಲ್ಲವನ್ನೂ ಇಲ್ಲಿ ಒಂದೇ ಕಡೆ ಕೊಟ್ಟಿದ್ದೇವೆ. ಲಿಂಕ್ ಸೇವ್ ಮಾಡಿ ಇಟ್ಟುಕೊಳ್ಳಿ.

ಸಂಶೋಧಕ ಅಂದ್ರೆ ಪಿಎಚ್‌ಡಿ ಮಾಡೋರು ಮಾತ್ರ ಅಲ್ಲ

ಬಿ.ಎ. ಕೊನೆ ವರ್ಷದಲ್ಲಿ ಪ್ರಾಜೆಕ್ಟ್ ಬರೆಯೋ ಹುಡುಗ ಸಂಶೋಧಕನೇ. ಆಲೂಗೆಡ್ಡೆಗೆ ಅಂಗಮಾರಿ ಯಾಕೆ ಬರುತ್ತೆ ಅಂತ ತಿಳಿಯಲು ಹೊರಟ ರೈತನೂ ಸಂಶೋಧಕನೇ. ಊರ ಗುಡಿ ಮುಂದಿನ ಕಲ್ಲಲ್ಲಿ ಏನು ಬರೆದಿದೆ ಅಂತ ಹುಡುಕೋ ನಿವೃತ್ತ ಮೇಷ್ಟ್ರು ಕೂಡ ಮಾಡ್ತಿರೋದು ಸಂಶೋಧನೆಯೇ. ಅವರವರ ಹಂತಕ್ಕೆ ತಕ್ಕ ಪಾಠ ಬೇರೆ ಬೇರೆ.

ಡಿಗ್ರಿ ಹಂತದವರು ಮೊದಲು ನೋಡಬೇಕಾದ್ದು ಹುಡುಕೋ ವಿಧಾನ ಮತ್ತು ಆಧಾರ ಕೊಡೋ ವಿಧಾನ. ಎಂ.ಎ., ಎಂ.ಕಾಂ., ಎಂ.ಎಸ್ಸಿ.ಯವರಿಗೆ ಸಂಶೋಧನಾ ವಿಧಾನ, ಅಂಕಿಅಂಶದ ಪಾಠ ಬೇಕು. ಪಿಎಚ್‌ಡಿಯವರಿಗೆ ಪ್ರಕಟಣೆಯ ನೀತಿ ಮುಖ್ಯ. 'ರಿಸರ್ಚ್ ಆ್ಯಂಡ್ ಪಬ್ಲಿಕೇಷನ್ ಎಥಿಕ್ಸ್' ಅನ್ನೋ 2 ಕ್ರೆಡಿಟ್‌ನ ಕೋರ್ಸನ್ನು ಯುಜಿಸಿ 2019ರಲ್ಲೇ ಪಿಎಚ್‌ಡಿಗೆ ಕಡ್ಡಾಯ ಮಾಡಿದೆ.

ಯಾರು ಬೇಕಾದರೂ ನೋಡಬಹುದಾದವು

*ಸ್ವಯಂ:* ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ಶುರು ಮಾಡಿದ ಆನ್‌ಲೈನ್ ಕೋರ್ಸ್ ತಾಣ. ಇಮೇಲ್ ಇದ್ದರೆ ಸಾಕು, ಹೆಸರು ನೋಂದಾಯಿಸಬಹುದು. ಅಕಾಡೆಮಿಕ್ ರೈಟಿಂಗ್, ಸಂಶೋಧನಾ ವಿಧಾನ, ಗ್ರಂಥಾಲಯ ವಿಜ್ಞಾನದ ಕೋರ್ಸ್‌ಗಳು ಇಲ್ಲಿವೆ. ಪಾಠ ಪೂರ್ತಿ ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅನ್ನೋರು ಮಾತ್ರ ಶುಲ್ಕ ಕಟ್ಟಬೇಕು.

*ಎನ್‌ಪಿಟಿಇಎಲ್:* ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ. ಇದರ ಸಾವಿರಾರು ಗಂಟೆಗಳ ಪಾಠ ಯೂಟ್ಯೂಬ್‌ನಲ್ಲೇ ಇದೆ. ಇಂಗ್ಲಿಷ್ ಕಷ್ಟ ಅನ್ನೋರಿಗೆ ಕೆಲವು ಕೋರ್ಸ್‌ಗಳ ಪಾಠ ಕನ್ನಡದಲ್ಲಿ ಬರಹರೂಪದಲ್ಲೂ ಸಿಗುತ್ತೆ.

*ಇ-ಪಿಜಿ ಪಾಠಶಾಲಾ:* ಸ್ನಾತಕೋತ್ತರ ಹಂತದ ಸುಮಾರು 70 ವಿಷಯಗಳ ಪಾಠ ಇದರಲ್ಲಿದೆ. ಓದೋ ಪಠ್ಯ, ನೋಡೋ ವಿಡಿಯೊ ಎರಡೂ ಉಂಟು. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಅಂತ ಬೇರೆ ವಿಭಾಗವೇ ಇದೆ.

*ನ್ಯಾಷನಲ್ ಡಿಜಿಟಲ್ ಲೈಬ್ರರಿ:* ಐಐಟಿ ಖರಗ್‌ಪುರ ನಡೆಸೋ ಈ ತಾಣ 2018ರ ಜೂನ್ 19ರಂದು ದೇಶಕ್ಕೆ ಸಮರ್ಪಣೆ ಆಯ್ತು. ಪುಸ್ತಕ, ಪ್ರಬಂಧ, ವಿಡಿಯೊ ಪಾಠ ಎಲ್ಲಕ್ಕೂ ಒಂದೇ ಹುಡುಕು ಪೆಟ್ಟಿಗೆ. ಶಾಲೆ, ಪದವಿ, ಸಂಶೋಧನೆ ಅಂತ ಹಂತ ಆರಿಸಿಯೂ ಹುಡುಕಬಹುದು. ಇದರ ಕ್ಲಬ್‌ಗೆ ನೋಂದಾಯಿಸಿರುವ ಕಾಲೇಜುಗಳು ಉಪನ್ಯಾಸ ಏರ್ಪಡಿಸಿ ಸರ್ಟಿಫಿಕೇಟ್ ಕೊಡುತ್ತವೆ. ನಿಮ್ಮ ಕಾಲೇಜಲ್ಲಿ ಕ್ಲಬ್ ಇದೆಯಾ ಅಂತ ಲೈಬ್ರೇರಿಯನ್ ಹತ್ರ ಕೇಳಿ.

*ಸ್ವಯಂ ಪ್ರಭಾ:* ಇಂಟರ್‌ನೆಟ್ಟೇ ಸರಿಯಾಗಿ ಬಾರದ ಹಳ್ಳಿಗಳಿಗೆ ಇದು ಒಳ್ಳೇದು. ಟಿ.ವಿ.ಯಲ್ಲಿ ಬರೋ ಶೈಕ್ಷಣಿಕ ಚಾನೆಲ್‌ಗಳ ಗುಂಪು. 32 ಚಾನೆಲ್‌ಗಳಿಂದ ಶುರುವಾಗಿ ಈಗ ಜಾಸ್ತಿ ಆಗಿದೆ. ದೂರದರ್ಶನದ ಫ್ರೀ ಡಿಶ್ ಇದ್ದರೆ ತಿಂಗಳ ಬಾಡಿಗೆ ಇಲ್ಲದೆ ನೋಡಬಹುದು. ದಿನಕ್ಕೆ ಕನಿಷ್ಠ 4 ಗಂಟೆ ಹೊಸ ಪಾಠ ಹಾಕಿ, ಅದನ್ನೇ ಮತ್ತೆ 5 ಸಲ ಮರುಪ್ರಸಾರ ಮಾಡೋ ಹಾಗೆ ಯೋಜನೆ ಮಾಡಿದ್ದಾರೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಗಡಿಬಿಡಿಯಲ್ಲಿ ತಪ್ಪಿದ್ದನ್ನು ರಾತ್ರಿ ಊಟ ಆದಮೇಲೆ ನೋಡಬಹುದು.

*ಶೋಧಗಂಗಾ ಮತ್ತು ಕೃಷಿಕೋಶ:* ಇವು ವಿಡಿಯೊ ಅಲ್ಲ, ಪ್ರಬಂಧಗಳ ಭಂಡಾರ. ಪಾಠ ಕೇಳಿದ ಮೇಲೆ ಕೈ ಹಾಕಬೇಕಾದ ಜಾಗ. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿವೆ, ಕನ್ನಡದಲ್ಲೇ ಬರೆದವೂ ಇವೆ. ಕೃಷಿ ಪ್ರಬಂಧಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೃಷಿಕೋಶ ನೋಡಿ. ಶೋಧಗಂಗಾ ನಡೆಸೋದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ತನ್ನ ಸೇವೆಗಳನ್ನು ಬಳಸೋದು ಹೇಗೆ ಅಂತ ಈ ಕೇಂದ್ರವೇ ವೆಬಿನಾರ್‌ಗಳನ್ನೂ ಮಾಡುತ್ತೆ.

ಕಾಲೇಜು ಐಡಿ ಬೇಕಾದವು

ಎಲ್ಲವೂ ಎಲ್ಲರಿಗೂ ತೆರೆದಿಲ್ಲ. ದೊಡ್ಡ ಪ್ರಕಾಶಕರ ಜರ್ನಲ್‌ಗಳಿಗೆ ಭಾರೀ ಚಂದಾ ಇರುತ್ತೆ. ಇದಕ್ಕೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂ., 30 ಪ್ರಕಾಶಕರು, ಸುಮಾರು 13,000 ಜರ್ನಲ್. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಇದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ನೀವು ಸರ್ಕಾರಿ ಕಾಲೇಜಲ್ಲೋ ವಿಶ್ವವಿದ್ಯಾಲಯದಲ್ಲೋ ಓದ್ತಿದ್ದರೆ 'ನಮ್ಮ ಸಂಸ್ಥೆ ನೋಂದಣಿ ಆಗಿದೆಯಾ, ಲಾಗಿನ್ ಕೊಡ್ತೀರಾ' ಅಂತ ಲೈಬ್ರರಿಯಲ್ಲಿ ಕೇಳೋದು ನಿಮ್ಮ ಹಕ್ಕು. ಅನುದಾನಿತ ಕಾಲೇಜಿನವರು 'ಎನ್-ಲಿಸ್ಟ್' ಸದಸ್ಯತ್ವ ಇದೆಯಾ ಅಂತ ವಿಚಾರಿಸಿ.

ಐಡಿ ಇಲ್ಲದವರ ಪಾಡು ಏನು? ಇದನ್ನು ನಾನು ಸ್ವಂತ ಅನುಭವದಿಂದಲೇ ಹೇಳ್ತೀನಿ. ಲಾಕ್‌ಡೌನ್ ಟೈಮಲ್ಲಿ ಡಿಗ್ರಿ ಓದ್ತಿದ್ದಾಗ ದುಡ್ಡು ಕಟ್ಟಿ ಮೂರು ವೆಬಿನಾರ್ ಸರ್ಟಿಫಿಕೇಟ್ ತಗೊಂಡಿದ್ದೆ. ಒಂದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ರೆಕಾರ್ಡಿಂಗ್ ಕಳಿಸ್ತೀವಿ ಅಂದವರು ಆಮೇಲೆ ಫೋನ್ ಎತ್ತಲಿಲ್ಲ. ಡಿಗ್ರಿ ಮುಗಿಸೋಕೆ ಆಗಲಿಲ್ಲ, ಐಡಿ ಕಾರ್ಡೂ ಹೋಯ್ತು, ಇನ್ನು ಲೈಬ್ರರಿ ನಮಗಲ್ಲ ಅಂದುಕೊಂಡಿದ್ದೆ. ಸುದ್ದಿ ಬರೆಯೋಕೆ ಮಾಹಿತಿ ಹುಡುಕುವಾಗಲೇ ಗೊತ್ತಾಗಿದ್ದು, ಮೇಲೆ ಹೇಳಿದ ಒಂದು ಕಡೆಯೂ ಯಾರೂ ಐಡಿ ಕೇಳಲ್ಲ ಅಂತ. ಓದು ಅರ್ಧಕ್ಕೆ ಬಿಟ್ಟವರಿಗೆ, ಮದುವೆ ಆಗಿ ಮನೆಯಲ್ಲಿರೋ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

* ಬರೀ ಪಾಠ ನೋಡಲು ದುಡ್ಡು ಕೇಳಿದರೆ, ಅದೇ ವಿಷಯ ಸ್ವಯಂನಲ್ಲಿ ಇದೆಯಾ ಅಂತ ಮೊದಲು ಹುಡುಕಿ.
* ಎನ್‌ಪಿಟಿಇಎಲ್ ಪರೀಕ್ಷೆಗೆ ಸಾಮಾನ್ಯವಾಗಿ ಒಂದು ಕೋರ್ಸ್‌ಗೆ 1,000 ರೂ. ಶುಲ್ಕ, ಕೆಲವು ವರ್ಗದವರಿಗೆ ರಿಯಾಯಿತಿ ಇದೆ. ಇದನ್ನು ಅಧಿಕೃತ ತಾಣದಲ್ಲೇ ಕಟ್ಟಬೇಕು. ಮಧ್ಯವರ್ತಿ ಯಾರೂ ಇಲ್ಲ.
* ಸರ್ಕಾರಿ ತಾಣದ ವಿಳಾಸ 'ಗವ್ ಡಾಟ್ ಇನ್' ಅಂತಲೋ, ವಿದ್ಯಾಸಂಸ್ಥೆಯದು 'ಎಸಿ ಡಾಟ್ ಇನ್' ಅಂತಲೋ ಮುಗಿಯುತ್ತಾ ನೋಡಿ.
* 'ನಿಮ್ಮ ಲೇಖನ ಮೂರು ದಿನದಲ್ಲಿ ಪ್ರಕಟಿಸ್ತೀವಿ, ಯುಜಿಸಿ ಕೇರ್ ಪಟ್ಟಿಯಲ್ಲಿದ್ದೀವಿ' ಅಂದರೆ ನಂಬಬೇಡಿ. ಆ ಪಟ್ಟಿಯನ್ನೇ ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ.
* ಪ್ರಬಂಧ ಸಲ್ಲಿಸೋ ಮುಂಚೆ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯವನ್ನು 2022ರ ಪಿಎಚ್‌ಡಿ ನಿಯಮದಲ್ಲಿ ಯುಜಿಸಿ ಕೈಬಿಟ್ಟಿದೆ. ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಅಂತ ಮಾರ್ಗದರ್ಶಕರನ್ನು ಕೇಳಿ, ಆಮೇಲೆ ದುಡ್ಡಿನ ಮಾತು.

ಡಿಟಿಪಿ, ಜೆರಾಕ್ಸ್ ಅಂಗಡಿಯವರ ಗಮನಕ್ಕೆ

ಪ್ರಬಂಧ ಟೈಪ್ ಮಾಡಿ ಬೈಂಡಿಂಗ್ ಮಾಡಿಕೊಡೋ ಅಂಗಡಿಯವರಿಗೂ ಈ ಪಾಠಗಳಿಂದ ಲಾಭ ಇದೆ. 'ಜೊಟೆರೊ' ಅನ್ನೋ ಉಚಿತ ಸಾಫ್ಟ್‌ವೇರ್ ಆಧಾರ ಗ್ರಂಥಗಳ ಪಟ್ಟಿಯನ್ನು ತಾನೇ ಜೋಡಿಸಿ ಕೊಡುತ್ತೆ. ಇದನ್ನು ಬಳಸೋದು ಹೇಗೆ ಅಂತ ಹೇಳೋ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಒಂದು ಭಾನುವಾರ ಕೂತು ಕಲಿತರೆ ಗಂಟೆಗಟ್ಟಲೆ ಟೈಪಿಂಗ್ ಉಳಿಯುತ್ತೆ.

ಇನ್ನೊಂದು ಮಾತು. 'ಹಳೇ ಥೀಸಿಸ್ ಕಾಪಿ ಮಾಡಿ ಹೆಸರು ಬದಲಾಯಿಸಿ ಕೊಡಿ' ಅಂತ ಕೇಳೋ ಗಿರಾಕಿಗಳು ಬರ್ತಾರೆ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರ್ ಹಿಡಿಯುತ್ತೆ. ನಾಲ್ಕು ವರ್ಷದ ಓದು ಹಾಳಾಗೋದು ಆ ವಿದ್ಯಾರ್ಥಿಯದು. ಗಿರಾಕಿಗೆ ಇಷ್ಟು ಹೇಳಿ ಕಳಿಸಿದರೆ ಉಪಕಾರ ಮಾಡಿದ ಹಾಗೆ.

ನಮ್ಮ ತಾಲ್ಲೂಕಿನ ವಿಷಯ ಹುಡುಕೋರಿಗೆ

ಊರಿನ ಇತಿಹಾಸ ಬೇಕು ಅನ್ನೋರಿಗೆ ಮೊದಲ ಮೆಟ್ಟಿಲು 'ಎಪಿಗ್ರಾಫಿಯಾ ಕರ್ನಾಟಿಕಾ'. ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ, ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಹೊರತಂದರು. ಜಿಲ್ಲಾ ಸಂಪುಟದಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಅಂತ ತಾಲ್ಲೂಕುವಾರು ಶಾಸನಗಳಿವೆ. ಶ್ರವಣಬೆಳಗೊಳ ಸಂಪುಟವನ್ನು ಆರ್. ನರಸಿಂಹಾಚಾರ್ 1923ರಲ್ಲಿ 500 ಶಾಸನಗಳಿಗೆ ಹಿಗ್ಗಿಸಿದರು. ಈ ಹಳೇ ಸಂಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಬಹುದು. ಶಾಸನ, ಇತಿಹಾಸದ ಉಪನ್ಯಾಸ ಬೇಕಾದರೆ 1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿವೆ.

ಆಲೂಗೆಡ್ಡೆ, ಶುಂಠಿ ಬೆಳೆಯೋರು ಕೃಷಿಕೋಶದಲ್ಲಿ ಬೆಳೆಯ ಹೆಸರು, 'ಹಾಸನ' ಎರಡನ್ನೂ ಇಂಗ್ಲಿಷಲ್ಲಿ ಟೈಪ್ ಮಾಡಿ ಹುಡುಕಬೇಕು. ಪ್ರಬಂಧ ಓದಿ ತಲೆ ಕೆಟ್ಟರೆ ಅದರ ಕೊನೆಯ 'ಸಾರಾಂಶ' ಒಂದನ್ನೇ ಪ್ರಿಂಟ್ ತೆಗೆದು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಹೊಗೆಸೊಪ್ಪಿನ ಬಗ್ಗೆ ತಿಳಿಯಬೇಕಾದ ಅರಕಲಗೂಡು, ರಾಮನಾಥಪುರ ಕಡೆಯವರಿಗೆ ಹುಣಸೂರಿನ ಸಂಶೋಧನಾ ಕೇಂದ್ರ ಹತ್ತಿರ.

ನೋಡೋದಕ್ಕೂ ಒಂದು ಕ್ರಮ

ಒಂದು ಗಂಟೆಯ ಉಪನ್ಯಾಸವನ್ನು ಒಂದೇ ಸಲ ಕೂತು ನೋಡೋಕೆ ಯಾರಿಗೂ ಆಗಲ್ಲ. ಹತ್ತು ಹತ್ತು ನಿಮಿಷ ನೋಡಿ, ನೋಟ್ಸಲ್ಲಿ ನಿಮಿಷದ ಲೆಕ್ಕ ಬರೆದುಕೊಳ್ಳಿ. ಡೇಟಾ ಕಮ್ಮಿ ಇದ್ದರೆ ವಿಡಿಯೊ ಗುಣಮಟ್ಟ ಇಳಿಸಿ, ಮಾತು ಕೇಳಿದರೆ ಸಾಕು. ಯೂಟ್ಯೂಬ್‌ನಲ್ಲಿ ಅಡಿಬರಹ ಆನ್ ಮಾಡಿ ಕನ್ನಡಕ್ಕೆ ಅನುವಾದ ಆರಿಸಿಕೊಳ್ಳಬಹುದು. ಯಂತ್ರ ಮಾಡೋ ಅನುವಾದ ಆದ್ದರಿಂದ ತಪ್ಪು ಇರುತ್ತೆ, ಆದರೆ ವಿಷಯ ಏನು ಅಂತ ಗೊತ್ತಾಗುತ್ತೆ. ಉಪನ್ಯಾಸದ ಮಾತನ್ನು ಪ್ರಬಂಧದಲ್ಲಿ ಬಳಸಿದರೆ ಉಪನ್ಯಾಸಕರ ಹೆಸರು, ಶೀರ್ಷಿಕೆ, ಸಂಸ್ಥೆ, ದಿನಾಂಕ, ಲಿಂಕ್, ಎಷ್ಟನೇ ನಿಮಿಷ ಅನ್ನೋದನ್ನು ಬರೆಯಲೇಬೇಕು.

ಕಂದಾಯದ ರಸೀದಿ ಒಂದ್ಸಲ ತೆಗೆದು ನೋಡಿ

ಅಂಗಡಿ, ಮನೆಯ ಆಸ್ತಿ ತೆರಿಗೆ ರಸೀದಿಯಲ್ಲಿ 'ಗ್ರಂಥಾಲಯ ಕರ' ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ 100 ರೂ. ತೆರಿಗೆಗೆ 6 ರೂ. ನಾವೆಲ್ಲ ಕಟ್ಟುತ್ತಾ ಬಂದಿದ್ದೀವಿ. ಅಂದ್ರೆ ಲೈಬ್ರರಿ ನಮ್ಮ ದುಡ್ಡಿನದೇ. ಇಲಾಖೆ 2020ರ ಫೆಬ್ರವರಿಯಲ್ಲಿ ಶುರು ಮಾಡಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಸದಸ್ಯತ್ವ ಉಚಿತ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ 'ಅರಿವು ಕೇಂದ್ರ' ಆಗಿವೆ. ಕಂಪ್ಯೂಟರ್ ಇರೋ ಅರಿವು ಕೇಂದ್ರದಲ್ಲಿ ಮೇಲಿನ ಪಾಠಗಳನ್ನು ಹಾಕಿಕೊಡಿ ಅಂತ ಮೇಲ್ವಿಚಾರಕರನ್ನು ಕೇಳಬಹುದು.

ಆಗಸ್ಟ್ 12 ರಾಷ್ಟ್ರೀಯ ಗ್ರಂಥಪಾಲಕರ ದಿನ. ಬೆಂಗಳೂರಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ ಎಸ್.ಆರ್. ರಂಗನಾಥನ್ ನೆನಪಿಗೆ ಆಚರಿಸೋ ದಿನ. ಆ ಹೊತ್ತಿಗೆ ವೆಬಿನಾರ್ ಮೆಸೇಜ್‌ಗಳು ಇನ್ನೂ ಜಾಸ್ತಿ ಬರ್ತವೆ. ಉಚಿತವಾಗಿದ್ದರೆ ಸೇರಿಕೊಳ್ಳಿ. ದುಡ್ಡು ಕೇಳಿದರೆ, ಕಳಿಸೋ ಮುಂಚೆ ಮಕ್ಕಳನ್ನು ಒಂದು ಮಾತು ಕೇಳಿ: 'ಇದು ಸ್ವಯಂನಲ್ಲಿ ಇಲ್ವಾ?'