ಕಂಸಾಳೆ: ಇಡೀ ರಾತ್ರಿಯಿಂದ ಹತ್ತು ನಿಮಿಷಕ್ಕೆ

ನಾನು ಮಾತಾಡ್ತಿರೋದು ಮದ್ದೂರಿಂದ. ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ಕಡೆಯ ಕಾಡಂಚಿನ ಮದ್ದೂರು. ಒಂದು ತಂಡ ಯಾತಕ್ಕೆ ಸೇರಿದೆ ಅನ್ನೋದರ ಮೇಲೆ ಅದರ ಹೊಸತನವೂ ಬದಲಾಗುತ್ತಾ? ನಮ್ಮ ಜಿಲ್ಲೆಯ ಕಂಸಾಳೆಯನ್ನೇ ನೋಡಿ.

ಮಾದಪ್ಪನ ಗುಡ್ಡರು ಗುರುವಿನಿಂದ ದೀಕ್ಷೆ ಪಡೆದು ಕಂಸಾಳೆ ಹಿಡೀತಿದ್ದರು. ಹರಕೆ ಹೊತ್ತವರ ಮನೆಯಲ್ಲಿ ರಾತ್ರಿಯಿಡೀ ಕಥೆ: ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ದೇವರ ಕಥೆ, ಬದಲಿಸೋ ಹಾಗಿಲ್ಲ. ಆದರೆ ಅವಸರವೂ ಇಲ್ಲ. ಗಂಡ ನೀಲೇಗೌಡನ ಅನುಮಾನಕ್ಕೆ ಸಿಕ್ಕಿ ನರಳೋ ಸೋಲಿಗರ ಸಂಕಮ್ಮನ ಸಂಕಟವನ್ನು, ಎದುರಿಗೆ ಕೂತವರ ಮುಖ ನೋಡ್ಕೊಂಡು ಹಾಡುಗಾರ ಎಷ್ಟು ಬೇಕಾದರೂ ಬೆಳೆಸಬಹುದಿತ್ತು. ಹಿಮ್ಮೇಳ ಸೊಲ್ಲು ಎತ್ತಿ ಮುಗಿಸೋದರೊಳಗೆ ಅವನಿಗೆ ಮುಂದಿನ ಮಾತು ಹೊಳೆದಿರ್ತಿತ್ತು. ಅಂದರೆ ಆ ಮಾತು ಅವನೊಬ್ಬನದಲ್ಲ. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಇದನ್ನೆಲ್ಲ ಪುಸ್ತಕಕ್ಕೆ ತಂದರು.

ಆಮೇಲೆ ವೇದಿಕೆ, ಮೆರವಣಿಗೆ, ಸ್ಪರ್ಧೆ. ಹತ್ತು ನಿಮಿಷದಲ್ಲಿ ಸಂಕಮ್ಮ ಎಷ್ಟು ಅತ್ತಾಳು? ಹೊಸತನ ಮಾತಿಂದ ಮೈಗೆ ಬಂತು. ಬೀಸು ಕಂಸಾಳೆ ಮುಂದಕ್ಕೆ ಬಂತು: ಬೆನ್ನ ಹಿಂದೆ ತಾಳ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು. ಬಹುಮಾನ ಬಂದು ಕಲೆ ಸತ್ತಿತು ಅನ್ನೋರ ಮಾತು ನಾನು ಒಪ್ಪಲ್ಲ. ಒಂದು ಗಳಿಗೆ ತಪ್ಪಿದರೆ ಪಕ್ಕದವನ ತಲೆಗೆ ಕಂಚು ಬೀಳುತ್ತೆ. ಅಷ್ಟು ಹೊಂದಾಣಿಕೆ ಸುಮ್ಮನೆ ಬರುತ್ತಾ?

ಹೋಗ್ತಿರೋದು ಕಥೆ. ಅದನ್ನ ಕಲಿಯೋಕೆ ವರ್ಷಗಳು ಬೇಕು, ಸ್ಪರ್ಧೇಲಿ ಅದಕ್ಕೆ ಜಾಗವೇ ಇಲ್ಲ. ನಿಮ್ಮೂರಲ್ಲಿ ಪೂರಾ ಹಾಡೋ ತಂಡ ಇನ್ನೂ ಇದ್ದರೆ, ಕೇಳಿಕೊಂಡು ಫೋನಲ್ಲಿ ರೆಕಾರ್ಡ್ ಮಾಡಿ. ರೀಲ್ಸ್ ಅಲ್ಲ, ಇಡೀ ಸಂಕಮ್ಮನ ಸಾಲು. ಚಾರ್ಜರ್ ಮರೀಬೇಡಿ.